ನಾಲ್ಕರಲ್ಲಿ ಯಾವುದು

ಬೆಳಿಗ್ಗೆ ಹೆಂಡತಿ ಸೂಜಿದಾರ ತಂದು ಕೈಗಿಟ್ಟಾಗ ಅವನು ಎಂದಿನಂತೆ ಕಿಟಕಿಯ ಹತ್ತಿರ ಹೋಗಿ ನಿಂತು, ದಾರದ ತುದಿಯನ್ನು ನಾಲಿಗೆಗೆ ತಾಗಿಸಿ, ಎರಡು ಬೆರಳಲ್ಲಿ ಹೊಸೆದು ಸೂಜಿಯ ಕಣ್ಣಿಗೆ ಹಿಡಿದ. ದಾರ ಪಕ್ಕಕ್ಕೆ ಹೋಯಿತು. ಇನ್ನೊಮ್ಮೆ ಹಿಡಿದ, ಮತ್ತೂ ಪಕ್ಕಕ್ಕೇ ಹೋಯಿತು. ಅವಳ ಕಣ್ಣು ಮೊದಲಿನಿಂದಲೂ ಸಾಲದು, ಹಾಗಾಗಿ ಸೂಜಿಗೆ ದಾರ ಪೋಣಿಸುವುದು ಆ ಮನೆಯಲ್ಲಿ ಗಂಡಸಿನ ಕೆಲಸ. ಮದುವೆಯಾದ ಹೊಸದರಲ್ಲಿ ಅವನು ಅದನ್ನು ಮಾತಾಡುತ್ತಲೇ, ಸರಿಯಾಗಿ ನೋಡದೆಯೇ ಮಾಡಿಕೊಡುತ್ತಿದ್ದ. ನಾಲ್ಕನೆಯ ಸಲಕ್ಕೆ, ದಾರ ಸರಿಯಿಲ್ಲ, ಎಳೆ ಬಿಚ್ಚಿಕೊಂಡಿದೆ ಅಂದ. ಅವಳು ದಾರವನ್ನು ನೋಡಲಿಲ್ಲ, ಅವನ ಮುಖವನ್ನೂ ನೋಡಲಿಲ್ಲ. ಸೂಜಿಯನ್ನು ತೆಗೆದುಕೊಂಡು ಪರದೆಗೆ ಚುಚ್ಚಿಟ್ಟು, ಸಂಜೆ ನೋಡಿದರಾಯಿತು ಬಿಡಿ ಅಂದಳು. ಆ ಮಾತಿನ ಮೆತ್ತನೆಯ ದನಿ ಅವನನ್ನು ಗ್ಯಾರೇಜಿನವರೆಗೂ ಬಿಡದೆ ಹಿಂಬಾಲಿಸಿತು. ಬೈದಿದ್ದರೆ ಚೆನ್ನಾಗಿತ್ತು. ಸೂಜಿಯ ಕಣ್ಣೇ ಕಾಣದವನಿಗೆ, ಗುರುವಾರ ಮಧ್ಯಾಹ್ನ, ಚಕ್ರದಲ್ಲಿ ಕೂದಲಿಗಿಂತ ತೆಳ್ಳಗಿನ ಗೆರೆ ಹೇಗೆ ಕಂಡಿತು? ಕಂಡದ್ದು ಹೌದೋ ಅಲ್ಲವೋ? ಹೌದಾದರೆ ಒಂದು ಭಯ, ಅಲ್ಲವಾದರೆ ಇನ್ನೊಂದು.

ತಮ್ಮನ ಗ್ಯಾರೇಜಿನ ಹಿಂದೆ ಗೋಡೆಗೆ ಒರಗಿಕೊಂಡಂತಿರುವ ತಗಡಿನ ಶೆಡ್ಡು ಅವನದು. ಒಂದು ಕಡೆ ಮೆರುಗು ಕೊಡುವ ಬಫಿಂಗ್ ಮೋಟಾರು, ಅದರ ಎರಡು ಕಿವಿಗಳ ಹಾಗೆ ಬಟ್ಟೆಯ ಬಿಲ್ಲೆಗಳು, ಒಂದು ಕಡೆ ನೀರಿನ ತೊಟ್ಟಿ, ನಡುವೆ ಬೆಂಚು. ಬೆಂಚಿನ ಮೇಲೆ ಗೋಣಿತಾಟು ಹಾಸಿ ನಾಲ್ಕು ಚಕ್ರಗಳನ್ನು ಒರಗಿಸಿ ಇಟ್ಟಿದ್ದ. ಬಾಗಿಲಿನ ಬೆಳಕು ಬಿದ್ದು ನಾಲ್ಕೂ ಒಂದೇ ಸಮನೆ ಹೊಳೆಯುತ್ತಿದ್ದವು. ಎರಡು ವಾರದ ಹಿಂದೆ ಬಂದಾಗ ಅವು ಅಲ್ಯೂಮಿನಿಯಂ ಅನ್ನುವುದೇ ಗೊತ್ತಾಗದ ಹಾಗಿದ್ದವು. ಮೇಲಿನ ವಾರ್ನಿಶ್ ಹಳದಿಗಟ್ಟಿ, ಅದರಡಿಯಲ್ಲಿ ಗೆದ್ದಲು ಓಡಾಡಿದಂತೆ ಬಿಳಿಯ ಗೆರೆಗಳು, ಮೂಲೆಮೂಲೆಯಲ್ಲಿ ಬ್ರೇಕಿನ ಕಪ್ಪು ಪುಡಿ ಸುಟ್ಟು ಅಂಟಿಕೊಂಡಿತ್ತು. ಅವನು ಮೊದಲು ಸೋಪುನೀರಿನಲ್ಲಿ ತೊಳೆದ, ಬಣ್ಣ ತೆಗೆಯುವ ಔಷಧಿ ಬಳಿದು ವಾರ್ನಿಶ್ಶನ್ನು ಹಾವಿನ ಪೊರೆಯಂತೆ ಎಬ್ಬಿಸಿದ, ಆಮೇಲೆ ನೀರು ಸುರಿಯುತ್ತಾ ಒರಟು ಉಜ್ಜುಕಾಗದದಿಂದ ನಯವಾದ ಕಾಗದದವರೆಗೆ ಒಂದೊಂದಾಗಿ ಉಜ್ಜಿದ. ಚಕ್ರದ ಕಡ್ಡಿಗಳ ಸಂದಿಗೆ ಮೋಟಾರು ಹೋಗುವುದಿಲ್ಲ, ಬೆರಳೇ ಹೋಗಬೇಕು. ಹತ್ತು ಬೆರಳಿನ ತುದಿಯೂ ಸವೆದು, ಮೊನ್ನೆ ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡ ಹುಡುಗಿ, ನಿಮಗೆ ಗುರುತೇ ಇಲ್ಲವಲ್ಲ ತಾತ ಅಂದಿದ್ದಳು.

ಕಾರು ಗ್ಯಾರೇಜಿನಲ್ಲಿ ನಾಲ್ಕು ಮರದ ದಿಮ್ಮಿಗಳ ಮೇಲೆ, ಚಪ್ಪಲಿ ಕಳಚಿದವರ ಹಾಗೆ, ಕಾಯುತ್ತಿತ್ತು. ಅದು ಟೀಚರಮ್ಮನ ಅಪ್ಪನ ಕಾರು. ಟೀಚರಮ್ಮ ಕೆಲಸ ಬಿಟ್ಟು ಎಂಟು ವರ್ಷವಾದರೂ ಎಲ್ಲರೂ ಈಗಲೂ ಹಾಗೇ ಕರೆಯುತ್ತಾರೆ. ಹೊಸ ಚಕ್ರ ಹಾಕಿಬಿಡೋಣ ಎಂದು ತಮ್ಮ ಎಷ್ಟು ಹೇಳಿದರೂ ಆಕೆ ಒಪ್ಪಿರಲಿಲ್ಲ. ಅಪ್ಪ ಭಾನುವಾರ ಬೆಳಿಗ್ಗೆ ಈ ಚಕ್ರಗಳನ್ನು ತಾನೇ ಒರೆಸುತ್ತಿದ್ದ, ಅಕ್ಕ ನೀರು ಹೊಯ್ಯುತ್ತಿದ್ದಳು, ತನ್ನ ಪಾಲಿಗೆ ಬರುತ್ತಿದ್ದದ್ದು ನಡುವಿನ ಮುಚ್ಚಳ ಒರೆಸುವುದು ಮಾತ್ರ ಎಂದು ಹೇಳಿದ್ದರು. ಆ ಅಕ್ಕನಿಗೆ ನಾಳೆ ಎಂಬತ್ತು ತುಂಬುತ್ತದೆ. ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು, ಅಪ್ಪ ಕರೆದುಕೊಂಡು ಹೋಗುತ್ತಿದ್ದ ಬೆಟ್ಟದ ರಸ್ತೆಯಲ್ಲಿ ಕೆರೆಯವರೆಗೆ ಹೋಗಿ ಬರಬೇಕು. ಹತ್ತೊಂಬತ್ತು ತಿರುವು ಎಂದು ಆಕೆ ಬೆರಳು ಮಡಚಿ ಎಣಿಸಿ ತೋರಿಸಿದ್ದರು. ಒಂದೊಂದು ತಿರುವಿಗೂ ಅಪ್ಪ ಒಂದೊಂದು ಹೆಸರಿಟ್ಟಿದ್ದನಂತೆ. ಆ ಹತ್ತೊಂಬತ್ತನ್ನು ಅವನು ಮೂರು ದಿನದಿಂದ ಮಲಗಿದಲ್ಲೂ ಎಣಿಸುತ್ತಿದ್ದಾನೆ. ತಿರುವಿನಲ್ಲಿ ಕಾರಿನ ಭಾರವೆಲ್ಲ ಹೊರಗಿನ ಚಕ್ರದ ಮೇಲೆ, ಚಕ್ರದ ಭಾರವೆಲ್ಲ ಬೋಲ್ಟಿನ ತೂತಿನ ಸುತ್ತ, ಅಲ್ಲಿ ಒಂದು ಗೆರೆ.

ಗುರುವಾರ ಮಧ್ಯಾಹ್ನ ಚಕ್ರವನ್ನು ನೀರಿನಿಂದ ಎತ್ತಿ ಬಾಗಿಲಿಗೆ ಹಿಡಿದಾಗ, ಎಲ್ಲ ಕಡೆ ನೀರು ಆರಿ, ಬೋಲ್ಟಿನ ತೂತಿನ ಪಕ್ಕ ಕಡ್ಡಿಯ ಬುಡದಲ್ಲಿ ಮಾತ್ರ ಒಂದು ಒದ್ದೆಯ ಎಳೆ ಉಳಿದಿತ್ತು. ಅವನು ಉಸಿರು ಹಿಡಿದು ಬಗ್ಗಿದ. ಅದೇ ಹೊತ್ತಿಗೆ ತಮ್ಮ ಟೀಚರಮ್ಮನನ್ನು ಕರೆದುಕೊಂಡು ಒಳಗೆ ಬಂದ. ನಮ್ಮಣ್ಣ ಮೂಗಲ್ಲಿ ಪಾಲಿಶ್ ಮಾಡುತ್ತಾನೆ ನೋಡಿ ಎಂದು ತಮ್ಮ ನಕ್ಕ. ಕೆಟ್ಟ ಮನಸ್ಸಿನಿಂದ ಅಲ್ಲ, ಗಿರಾಕಿಯ ಮುಂದೆ ಏನಾದರೂ ಆಡಬೇಕಲ್ಲ ಅಂತ. ಆಕೆ ನಗದೆ, ನಿಜವಾದ ಕಾಳಜಿಯಿಂದಲೇ, ಇಷ್ಟು ಸಣ್ಣ ಕೆಲಸ ನಿಮಗೆ ಕಾಣಿಸುತ್ತದೆಯೇ ಎಂದು ಕೇಳಿದರು. ಆ ಕಾಳಜಿ ಅವನ ಬೆನ್ನಿಗೆ ತಣ್ಣೀರಿನಂತೆ ಬಿತ್ತು. ಕಾಣಿಸುತ್ತಾ ಅಂದರೆ ಏನಮ್ಮಾ ಎನ್ನುತ್ತಾ ಅವನು ಮೋಟಾರಿನ ಗುಂಡಿ ಒತ್ತಿ, ಬಟ್ಟೆಯ ಬಿಲ್ಲೆಗೆ ಮೆರುಗಿನ ಸೋಪು ಹಿಡಿದು, ಚಕ್ರವನ್ನು ಅದಕ್ಕೆ ಕೊಟ್ಟ. ಕೊಡುವಾಗಲೂ ಗೊತ್ತಿತ್ತು. ಬಫ್ ಕೊಡುವ ಮೊದಲು ಸೀಮೆಎಣ್ಣೆ ಹಚ್ಚಿ ಬಿರುಕು ನೋಡಬೇಕು ಎನ್ನುವುದು ಅವನೇ ಇತರರಿಗೆ ಹೇಳಿಕೊಟ್ಟ ಪಾಠ. ಬಫ್ ಕೊಟ್ಟರೆ ಮೆತ್ತನೆಯ ಲೋಹ ಬೆಣ್ಣೆಯ ಹಾಗೆ ಎಳೆದುಕೊಂಡು ಹೋಗಿ ಬಿರುಕಿನ ಬಾಯಿ ಮುಚ್ಚುತ್ತದೆ. ಬಿರುಕು ಒಳಗೇ ಇರುತ್ತದೆ, ಮೇಲೆ ಕನ್ನಡಿ. ಹತ್ತು ನಿಮಿಷದಲ್ಲಿ ಟೀಚರಮ್ಮನ ಮುಖ ಅದರಲ್ಲಿ ಕಂಡಿತು. ಆಕೆ ತಲೆಗೂದಲು ಸರಿ ಮಾಡಿಕೊಂಡು, ಅಪ್ಪ ಕೂಡ ಇಷ್ಟು ಚೆನ್ನಾಗಿ ಹೊಳೆಸಿರಲಿಲ್ಲ ಎಂದರು. ಅವನಿಗೆ ಖುಷಿಯೂ ಆಯಿತು. ಆ ಖುಷಿಯನ್ನು ನೆನೆದರೆ ಈಗ ಬಾಯಿ ಕಹಿಯಾಗುತ್ತದೆ.

ಶುಕ್ರವಾರ ತಮ್ಮನಿಗೆ ಹೇಳಿ ನೋಡಿದ. ಒಂದು ಚಕ್ರದಲ್ಲಿ ಗೆರೆ ಇತ್ತು ಅನ್ನಿಸುತ್ತದೆ ಎಂದ. ಇತ್ತು ಎನ್ನಲಿಲ್ಲ, ಕಂಡ ಮೇಲೆ ಬಫ್ ಕೊಟ್ಟೆ ಎಂದಂತೂ ಹೇಳಲೇ ಇಲ್ಲ. ತಮ್ಮ ಟಾರ್ಚು ತಂದು ನಾಲ್ಕನ್ನೂ ತಿರುತಿರುಗಿಸಿ ನೋಡಿದ.

"ಕನ್ನಡಿ ಇದ್ದ ಹಾಗಿದೆಯಲ್ಲ ಅಣ್ಣ. ನಿನ್ನ ಹುಬ್ಬಿನ ಕೂದಲೇ ನಿನಗೆ ಕಂಡಿರಬೇಕು."

ಹೋಗುವಾಗ ತಮ್ಮ ಜೇಬಿನಿಂದ ಅಳತೆಯ ಟೇಪು ತೆಗೆದು ಶೆಡ್ಡಿನ ಅಗಲ ಅಳೆದ. ಟಯರು ಕಳಚುವ ಮಿಶಿನ್ನು ಇಡಲು ಜಾಗ ಬೇಕು, ಅವಸರವೇನಿಲ್ಲ, ಸುಮ್ಮನೆ ಅಂದಾಜಿಗೆ ಎಂದ. ಇನ್ನೊಂದು ತುದಿ ಹಿಡಿದುಕೋ ಅಣ್ಣ ಎಂದಾಗ ಅವನು ಹಿಡಿದುಕೊಂಡ. ತನ್ನ ಶೆಡ್ಡನ್ನು ಅಳೆಯಲು ತಾನೇ ತುದಿ ಹಿಡಿದು ಗೋಡೆಗೆ ಒತ್ತಿ ನಿಂತಿದ್ದು, ತಮ್ಮ ಚಿಕ್ಕವನಿದ್ದಾಗ ಇದೇ ಗೋಡೆಗೆ ನಿಲ್ಲಿಸಿ ಸೀಸದ ಕಡ್ಡಿಯಲ್ಲಿ ಅವನ ಎತ್ತರಕ್ಕೆ ಗುರುತು ಹಾಕುತ್ತಿದ್ದದ್ದು, ಎರಡೂ ಒಂದರ ಮೇಲೊಂದು ಬಂದು ಯಾವುದು ಮೊದಲು ಯಾವುದು ಆಮೇಲೆ ಎಂದು ಒಂದು ಗಳಿಗೆ ತಿಳಿಯದಾಯಿತು.

ಈಗ ಹತ್ತು ಗಂಟೆ. ತಮ್ಮ ಟಯರು ತರಲು ಹೋಗಿದ್ದಾನೆ, ಒಂದಕ್ಕೆ ಬರುತ್ತಾನೆ. ನಾಲ್ಕಕ್ಕೆ ಟೀಚರಮ್ಮ ಬರುತ್ತಾರೆ. ಅವನು ಮೊದಲ ಚಕ್ರವನ್ನು ಹಗ್ಗದಲ್ಲಿ ತೂಗುಹಾಕಿ ಸುತ್ತಿಗೆಯ ಮರದ ಹಿಡಿಯಿಂದ ಮೆಲ್ಲಗೆ ಬಡಿದ. ಸರಿಯಿದ್ದ ಚಕ್ರ ಗಂಟೆಯಂತೆ ನಿಂತು ಉಲಿಯುತ್ತದೆ, ಬಿರುಕಿದ್ದರೆ ದನಿ ಬೇಗ ಸಾಯುತ್ತದೆ. ಎಡಗಿವಿಯನ್ನು ಮೋಟಾರು ಎಂದೋ ತಿಂದು ಹಾಕಿದೆ. ಬಲಗಿವಿ ಕೊಟ್ಟು ಒಂದೊಂದನ್ನೂ ಕೇಳಿದ. ನಾಲ್ಕೂ ಒಂದೇ ದನಿ. ಎರಡನೆಯ ಸಲ ಬಡಿದಾಗ ನಾಲ್ಕೂ ಬೇರೆ ಬೇರೆ. ಮೂರನೆಯ ಸಲ ರಸ್ತೆಯಲ್ಲಿ ಲಾರಿ ಹೋಯಿತು. ಹೀಗೆ ಕಿವಿ ಕೊಟ್ಟು ಬಗ್ಗಿ ನಿಂತವನಿಗೆ, ಇಪ್ಪತ್ತೆರಡರ ವಯಸ್ಸಿನ ತಾನು ಬೇರೊಂದು ಶೆಡ್ಡಿನಲ್ಲಿ ಹೀಗೇ ನಿಂತಿದ್ದು ಕಾಣಿಸಿತು. ಆಗ ಯಜಮಾನ ಬಾಗಿಲಲ್ಲಿ ಹಲ್ಲಿಗೆ ಕಡ್ಡಿ ಹಾಕಿಕೊಂಡು ನಿಂತಿದ್ದ. ಗೆರೆ ಇದೆ ಯಜಮಾನರೇ ಎಂದು ಅವನು ಹೇಳಿದ್ದ. ಬಫ್ ಕೊಡು, ಹೋಗುತ್ತೆ ಎಂದ ಯಜಮಾನ. ಕೊಟ್ಟ. ಹೋಯಿತು. ಎಷ್ಟು ಸುಲಭವಾಗಿ ಹೋಯಿತೆಂದರೆ, ಅದು ಇದ್ದದ್ದೇ ಸುಳ್ಳೇನೋ ಅನ್ನಿಸಿತ್ತು. ತಿಳಿಹಸಿರು ಬಣ್ಣದ ಕಾರು ಅದು. ಗಂಡಸು ಚಕ್ರದ ಮುಂದೆ ಕೂತು ಅದರಲ್ಲೇ ಮುಖ ನೋಡಿಕೊಂಡು ತಲೆ ಬಾಚಿಕೊಂಡ. ಹೆಂಗಸು ತಲೆಗೆ ಬಟ್ಟೆ ಕಟ್ಟಿಕೊಂಡಳು. ಹಿಂದಿನ ಗಾಜಿಗೆ ಒಂದು ಮಗು ಮೂಗನ್ನು ಒತ್ತಿ ಚಪ್ಪಟೆ ಮಾಡಿಕೊಂಡು ಅವನನ್ನೇ ನೋಡುತ್ತಾ ಹೋಯಿತು. ಆಮೇಲೆ ಏನೂ ಆಗಲಿಲ್ಲ. ಏನೂ ಆಗಲಿಲ್ಲ ಎಂದರೆ ಅವನಿಗೆ ಏನೂ ತಿಳಿಯಲಿಲ್ಲ. ಆ ಕಾರು ತಿರುಗಿ ಆ ಬೀದಿಗೆ ಬರಲಿಲ್ಲ. ಬರಬೇಕಾದ ಕಾರಣವೂ ಇರಲಿಲ್ಲ. ಆದರೂ ನಲವತ್ತೈದು ವರ್ಷದಿಂದ ತಿಳಿಹಸಿರು ಕಾರು ಎದುರಾದರೆ ಅವನ ಕಣ್ಣು ಮೊದಲು ಚಕ್ರಕ್ಕೆ ಹೋಗುತ್ತದೆ, ಆಮೇಲೆ ಹಿಂದಿನ ಗಾಜಿಗೆ. ಹೆಂಡತಿಗೆ ಇದನ್ನು ಹೇಳಿಲ್ಲ. ಹೇಳುವಂಥದ್ದು ಏನಿದೆ? ಒಂದು ಮಗು ಗಾಜಿಗೆ ಮೂಗು ಒತ್ತಿತ್ತು ಎಂದು ಹೇಳುವುದೇ?

ಕಣ್ಣು ಬೇಡ, ಕಿವಿ ಬೇಡ. ಉಳಿದಿದ್ದು ಒಂದೇ ದಾರಿ, ಮತ್ತು ಅದು ಗುರುವಾರದಿಂದಲೇ ಅವನಿಗೆ ಗೊತ್ತಿತ್ತು. ಮೂಲೆಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕಾಸ್ಟಿಕ್ ಸೋಡಾ ಇದೆ. ಅಲ್ಯೂಮಿನಿಯಮ್ಮಿನ ಹತ್ತಿರವೂ ಅದನ್ನು ತರಬಾರದು. ಪಾತ್ರೆ ತೊಳೆಯುವಾಗ ತಿಳಿಯದೆ ಹಾಕಿದವರ ಪಾತ್ರೆ ಬೂದಿ ಬಣ್ಣವಾಗುವುದನ್ನು ಯಾರಾದರೂ ನೋಡಿರುತ್ತಾರೆ. ಅದು ಲೋಹದ ಮೇಲಿನ ಪದರವನ್ನು ತಿನ್ನುತ್ತದೆ. ಎಳೆದು ಮುಚ್ಚಿದ ಬಾಯನ್ನೂ ತಿಂದು ತೆರೆಯುತ್ತದೆ. ಆಮೇಲೆ ಸೀಮೆಎಣ್ಣೆ ಹಚ್ಚಿ, ಬಿರುಕಿದ್ದರೆ ಒಳಗೆ ಇಳಿಯಲು ಬಿಟ್ಟು, ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿದರೆ ಒಳಗಿನ ಎಣ್ಣೆ ಪುಡಿಯ ಮೇಲೆ ಗೆರೆಯಾಗಿ ಎದ್ದು ಬರುತ್ತದೆ. ಅದು ಸುಳ್ಳು ಹೇಳುವುದಿಲ್ಲ. ಆದರೆ ಎರಡು ವಾರದ ಮೆರುಗು ಹೋಗುತ್ತದೆ. ಒಂದೇ ಚಕ್ರವಾದರೆ ಹೇಗೋ ಸಂಜೆಯೊಳಗೆ ಮತ್ತೆ ಉಜ್ಜಿ ತರಬಹುದು ಎಂದುಕೊಂಡು ಅವನು ಗುರುವಾರ ಗೆರೆ ಕಂಡ ಮೂರನೆಯ ಚಕ್ರಕ್ಕೆ ಕೈ ಚಾಚಿದ. ಚಾಚಿದ ಕೈ ಹಾಗೇ ನಿಂತಿತು. ಮೂರನೆಯದು ಯಾವುದು? ಬಂದ ದಿನವೇ ಪ್ರತಿ ಚಕ್ರದ ಒಳಬದಿಗೆ ಸೀಮೆಸುಣ್ಣದಲ್ಲಿ ಒಂದು, ಎರಡು, ಮೂರು, ನಾಲ್ಕು ಎಂದು ಬರೆದಿದ್ದ. ನಿನ್ನೆ ಬಫ್ ಸೋಪಿನ ಜಿಡ್ಡು ಹೋಗಲೆಂದು ನಾಲ್ಕನ್ನೂ ಒಟ್ಟಿಗೆ ಬಿಸಿನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಒಳಗೂ ಹೊರಗೂ ತೊಳೆದ. ಅಚ್ಚುಕಟ್ಟಾಗಿ ತೊಳೆದ. ಒಂದು ಅಂಕಿಯೂ ಉಳಿದಿರಲಿಲ್ಲ.

ನಾಲ್ಕು ಕನ್ನಡಿಗಳಲ್ಲಿ ನಾಲ್ಕು ಮುದುಕರು ಅವನನ್ನು ನೋಡಿದರು. ಒಂದರ ಅಂಚು ಎಲ್ಲೋ ಕಲ್ಲಿಗೆ ತಾಗಿ ಸೀಳಿತ್ತು, ಅದೇ ಮೂರನೆಯದು ಎಂದು ನೆನಪು. ಆದರೆ ಆ ಸೀಳನ್ನು ತಾನೇ ಉಜ್ಜಿ ತೆಗೆದಿದ್ದ. ಅಷ್ಟು ಚೆನ್ನಾಗಿ ತೆಗೆದದ್ದಕ್ಕೆ ಅವತ್ತು ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದ. ಅವನು ಸುಮ್ಮನೆ ಕೈಗೆ ಹತ್ತಿರವಿದ್ದದ್ದನ್ನು ಎತ್ತಿಕೊಂಡ. ರಬ್ಬರಿನ ಕೈಗವಸು ತೊಟ್ಟು, ನೀರಿಗೆ ಸೋಡಾ ಹಾಕಿ ಕಲಸಿ, ಬ್ರಷ್ಷಿನಲ್ಲಿ ಬೋಲ್ಟಿನ ತೂತುಗಳ ಸುತ್ತ ಬಳಿದ. ಚುಂಯ್ ಎಂದು ನೊರೆ ಎದ್ದಿತು, ಕನ್ನಡಿ ಮಂಜಾಯಿತು, ಬೂದಿಯಾಯಿತು, ಕಪ್ಪಾಯಿತು. ಅವನ ಮುಖ ಅದರಿಂದ ಹೊರಟುಹೋಯಿತು. ತೊಳೆದ, ಆರಿಸಿದ, ಎಣ್ಣೆ ಹಚ್ಚಿದ, ಗಡಿಯಾರ ನೋಡುತ್ತಾ ಕೂತ. ಅರ್ಧ ಗಂಟೆಯ ಮೇಲೆ ಒರೆಸಿ ಪುಡಿ ಉದುರಿಸಿದ. ಬಿಳಿ. ಬಗ್ಗಿ ನೋಡಿದ, ಕನ್ನಡಕ ತೆಗೆದು ನೋಡಿದ, ಹಾಕಿ ನೋಡಿದ. ಬಿಳಿ. ಎರಡನೆಯದನ್ನು ಎತ್ತಿಕೊಂಡ.

ತಮ್ಮ ಬಂದಾಗ ಎರಡು ಚಕ್ರ ಕಪ್ಪಾಗಿದ್ದವು, ಮೂರನೆಯದರ ಮೇಲೆ ನೊರೆ ಎದ್ದಿತ್ತು. ಬಾಗಿಲಿನಲ್ಲೇ ಟಯರುಗಳನ್ನು ಇಳಿಸಿ ಅವನು ಬೆಂಚಿನ ಹತ್ತಿರ ಬಂದ. ತಮ್ಮನಿಗೆ ಸಿಟ್ಟು ಬಂದರೆ ಕೂಗಾಡುತ್ತಾನೆ, ಹೆದರಿದರೆ ಮಾತ್ರ ದನಿ ಇಳಿಯುತ್ತದೆ.

"ಅಣ್ಣ, ಏನು ಮಾಡ್ತಿದ್ದೀಯ ನೀನು?"

ಗೆರೆ ಹುಡುಕುತ್ತಿದ್ದೇನೆ ಎಂದ. ಸಿಕ್ಕಿತೇ ಎಂದು ಕೇಳಿದಾಗ ಇಲ್ಲ ಎಂದ. ತಮ್ಮ ಬ್ರಷ್ಷನ್ನು ಅವನ ಕೈಯಿಂದ ಮೆಲ್ಲಗೆ ತೆಗೆದುಕೊಂಡು ಡಬ್ಬಿಯೊಳಗೆ ನಿಲ್ಲಿಸಿದ, ಮಕ್ಕಳ ಕೈಯಿಂದ ಕತ್ತರಿ ತೆಗೆದುಕೊಳ್ಳುವ ಹಾಗೆ. ನಾನೇ ತಪ್ಪು ಮಾಡಿದೆ, ಈ ವಯಸ್ಸಿನಲ್ಲಿ ನಿನಗೆ ಇಂಥ ಕೆಲಸ ಕೊಡಬಾರದಿತ್ತು, ಇವತ್ತೇ ಮನೆಗೆ ಹೋಗಿ ಮಲಗು, ಟೀಚರಮ್ಮನಿಗೆ ನಾನು ಏನೋ ಹೇಳಿಕೊಳ್ಳುತ್ತೇನೆ ಎಂದ. ಅವನು ಬ್ರಷ್ಷನ್ನು ಮತ್ತೆ ತೆಗೆದುಕೊಂಡ. ತಮ್ಮ ಹೊರಗೆ ಹೋಗಿ ಫೋನಿನಲ್ಲಿ ಮಾತಾಡುವುದು ಕೇಳಿಸಿತು: ಇಲ್ಲಮ್ಮ, ಸ್ವಲ್ಪ ತೊಂದರೆ ಆಗಿದೆ, ಇಲ್ಲ, ಕಾರಿಗಲ್ಲ, ನಮ್ಮಣ್ಣನಿಗೆ. ಆ 'ಅಣ್ಣನಿಗೆ' ಎನ್ನುವುದರ ಮುಂದೆ ತಮ್ಮ ಏನು ಸೇರಿಸಿದನೋ, ಸತ್ತ ಎಡಗಿವಿಯ ಕಡೆಗೆ ಬಂದದ್ದರಿಂದ ಕೇಳಿಸಲಿಲ್ಲ. ಮೂರನೆಯದರಲ್ಲೂ ಬಿಳಿಯೇ. ಉಳಿದ ಒಂದು ಬೆಂಚಿನ ಮೇಲೆ ಏನೂ ಅರಿಯದಂತೆ ಹೊಳೆಯುತ್ತಿತ್ತು. ಇದನ್ನು ಬಿಟ್ಟುಬಿಟ್ಟರೆ, ಅವನು ಯೋಚಿಸಿದ, ಗೆರೆ ಇದರಲ್ಲೇ ಇತ್ತು ಎಂದು ಸಾಯುವವರೆಗೂ ಹೇಳಿಕೊಳ್ಳಬಹುದು. ಬಳಿದು ಇದರಲ್ಲೂ ಇಲ್ಲದಿದ್ದರೆ ಕಣ್ಣು ಹೋಯಿತು, ತಲೆ ಹೋಯಿತು, ಶೆಡ್ಡು ಹೋಯಿತು. ಟೇಪಿನ ತುದಿ ಹಿಡಿದು ನಿಂತ ಜಾಗದಲ್ಲಿ ಮಿಶಿನ್ನು ಬರುತ್ತದೆ. ಗೆರೆ ಇರಲಿ ಎಂದು ತಾನು ಆಸೆಪಡುತ್ತಿದ್ದೇನೆ ಎನ್ನುವುದು ಆಗ ಅವನಿಗೆ ಗೊತ್ತಾಗಿ ಅಸಹ್ಯವಾಯಿತು. ಇನ್ನೊಬ್ಬರ ಚಕ್ರ ಸೀಳಿರಲಿ ಎಂದು ಬಯಸುವ ಮುದುಕ. ಬ್ರಷ್ಷನ್ನು ಅದ್ದಿದ.

ಟೀಚರಮ್ಮ ಬಂದಾಗ ಅದರ ಮೇಲಿನ ಎಣ್ಣೆ ಒರೆಸುವ ಹೊತ್ತಾಗಿತ್ತು. ಆಕೆ ಮೂರು ಕಪ್ಪು ಚಕ್ರಗಳನ್ನು ನೋಡಿದರು. ಹೊರಡುವ ಮೊದಲು ಅಕ್ಕನಿಗೆ ಏನು ಹೇಳಿ ಬಂದಿದ್ದರೋ, ಅವರ ಬಾಯಿ ಸ್ವಲ್ಪ ತೆರೆದು ಹಾಗೇ ಮುಚ್ಚಿತು. ತಮ್ಮ ಏನೋ ವಿವರಿಸಲು ಹೊರಟ, ಆಕೆ ಕೈ ಎತ್ತಿ ತಡೆದರು. ಮೂವತ್ತು ವರ್ಷ ತರಗತಿಯನ್ನು ಸುಮ್ಮನಿರಿಸಿದ ಕೈ. ತಗಡಿನ ಡಬ್ಬಿಯೊಂದನ್ನು ಕವುಚಿ ಹಾಕಿ ಅದರ ಮೇಲೆ ಕೂತುಕೊಂಡರು. ಏನು ಮಾಡುತ್ತಿದ್ದೀರಿ ಎಂದು ಅವನನ್ನೇ ಕೇಳಿದರು. ಅವನು ಹೇಳಿದ, ಎಣ್ಣೆಯ ವಿಷಯ, ಪುಡಿಯ ವಿಷಯ. ಹೇಳುತ್ತಲೇ ಎಣ್ಣೆ ಒರೆಸಿ, ಅಂಗೈಯಲ್ಲಿ ಸೀಮೆಸುಣ್ಣ ಪುಡಿಮಾಡಿ, ಬಟ್ಟೆಯಲ್ಲಿ ಕಟ್ಟಿ, ಮೆಲ್ಲಗೆ ತಟ್ಟಿ ತಟ್ಟಿ ಉದುರಿಸಿದ. ಆಮೇಲೆ ಚಕ್ರವನ್ನು ಆಕೆಯ ಕಡೆ ತಿರುಗಿಸಿ ತಾನು ಗೋಡೆಯ ಕಡೆ ತಿರುಗಿದ.

"ನೀವು ನೋಡಿ ಅಮ್ಮಾ. ಎಲ್ಲಿ ಅಂತ ನಾನು ಹೇಳಲ್ಲ."

ಗೋಡೆಯಲ್ಲಿ ತಮ್ಮನ ಎತ್ತರದ ಹಳೆಯ ಗುರುತುಗಳಿದ್ದವು, ಒಂದರ ಮೇಲೊಂದು, ಏಣಿಯ ಹಾಗೆ. ಅವನು ಅವನ್ನು ಕೆಳಗಿನಿಂದ ಎಣಿಸಿದ. ಹಿಂದೆ ಆಕೆಯ ಕನ್ನಡಕದ ಡಬ್ಬಿ ತೆರೆದ ಸದ್ದು. ತಮ್ಮನ ಚಪ್ಪಲಿ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ. ಏನೂ ಇಲ್ಲ ಎನ್ನಲು ಇಷ್ಟು ಹೊತ್ತು ಬೇಕೇ? ಬೇಕಾಗಬಹುದು, ಒಳ್ಳೆಯ ಮನಸ್ಸಿನವರಿಗೆ ಹೇಗೆ ಹೇಳಲಿ ಎಂದು ಹೊತ್ತು ಹಿಡಿಯುತ್ತದೆ. ಗುರುತುಗಳು ಮುಗಿದು ಅವನು ಮೇಲಿನಿಂದ ಎಣಿಸತೊಡಗಿದ.

"ಇಲ್ಲಿ ಒದ್ದೆ ಆಗ್ತಿದೆ," ಎಂದರು ಟೀಚರಮ್ಮ.

ಎಲ್ಲಿ ಎಂದು ಅವನು ಗೋಡೆಗೇ ಕೇಳಿದ.

"ಈ ತೂತಿನ ಪಕ್ಕ, ಕಡ್ಡಿ ಬುಡದಲ್ಲಿ. ಉಗುರಿನಷ್ಟು ಉದ್ದ. ತಾಳಿ, ಇನ್ನೂ ಉದ್ದ ಆಗ್ತಿದೆ."

ತಮ್ಮ ಟಾರ್ಚು ಹಿಡಿದು ಕುಕ್ಕರುಗಾಲಲ್ಲಿ ಕೂತ. ಬಹಳ ಹೊತ್ತು ಕೂತ, ಒಂದು ಹಾಸ್ಯವೂ ಅವನ ಬಾಯಿಂದ ಬರಲಿಲ್ಲ. ಗೋಡೆಗೆ ಮುಖ ಮಾಡಿದ್ದವನು ತಿರುಗಿ ಬಂದು, ಮೂಗು ತಾಗುವಷ್ಟು ಹತ್ತಿರ ಬಗ್ಗಿ ನೋಡಿದ. ಅವನಿಗೆ ಬಿಳಿ ಬಿಟ್ಟು ಏನೂ ಕಾಣಲಿಲ್ಲ. ಕನ್ನಡಕ ಮೇಲೆ ಸರಿಸಿ ನೋಡಿದ, ಕೆಳಗೆ ಇಳಿಸಿ ನೋಡಿದ. ಬಿಳಿ. ಬೆಳಿಗ್ಗೆಯಿಂದ ಉಳಿದ ಮೂರನ್ನೂ ನೋಡಿದ್ದು ಇದೇ ಕಣ್ಣಿನಿಂದಲ್ಲವೇ ಎಂದು ಆಗ ಹೊಳೆಯಿತು. ಆ ಮೂರಕ್ಕೂ ಮತ್ತೆ ಎಣ್ಣೆ ಹಚ್ಚಿ ಪುಡಿ ಹಾಕುತ್ತೇನೆ, ಅವನ್ನೂ ನೀವೇ ನೋಡಬೇಕು, ನನಗೆ ಕಾಣುವುದಿಲ್ಲ ಎಂದ. ಕಾಣುವುದಿಲ್ಲ ಎನ್ನುವ ಮಾತು ಇಷ್ಟು ಸಲೀಸಾಗಿ ಬಾಯಿಂದ ಬಂದದ್ದು ಅವನಿಗೇ ಬೆರಗಾಯಿತು. ಇದಕ್ಕೊಂದು ಗುರುತು ಹಾಕಿ ಅಮ್ಮಾ, ಇಲ್ಲದಿದ್ದರೆ ನಾನು ಮತ್ತೆ ತೊಳೆದುಬಿಡುತ್ತೇನೆ ಎಂದ.

ಆಕೆ ಕೈಚೀಲದಲ್ಲಿ ತಡಕಾಡಿ ಒಂದು ಕೆಂಪು ಪೆನ್ಸಿಲು ತೆಗೆದರು. ಎಂಟು ವರ್ಷವಾದರೂ ಚೀಲದಿಂದ ಹೊರಗೆ ಹೋಗಿರಲಿಲ್ಲ, ಮೊಂಡಾಗಿತ್ತು. ಮೆರುಗಿದ್ದಿದ್ದರೆ ಅದು ಜಾರುತ್ತಿತ್ತು. ಸೋಡಾ ತಿಂದ ಒರಟು ಲೋಹ ಕಾಗದದ ಹಾಗೆ ಹಿಡಿದುಕೊಂಡಿತು. ಆಕೆ ತಪ್ಪಿನ ಸುತ್ತ ಸುತ್ತು ಎಳೆಯುವ ಅಭ್ಯಾಸದ ಕೈಯಲ್ಲಿ ಒಂದೇ ಎಳೆತಕ್ಕೆ ಸುತ್ತು ಎಳೆದರು. ಆಮೇಲೆ ಎದ್ದು, ಅಕ್ಕನಿಗೆ ನಾಳೆ ಬೇಡವೆಂದು ಹೇಳಬೇಕು ಎನ್ನುತ್ತಾ ಫೋನು ಹುಡುಕಿದರು. ತಮ್ಮ ಟಾರ್ಚು ಆರಿಸಿ ಮೇಲೆ ನೋಡಿದ.

"ಅವತ್ತು ನಿನಗೆ ಕಂಡಿದ್ದು ಇದೇನಾ ಅಣ್ಣ?"

"ಹೂಂ."

ಅಲ್ಲಿಗೇ ನಿಲ್ಲಿಸಬಹುದಿತ್ತು. ತಮ್ಮನ ಕಣ್ಣಿನಲ್ಲಿ ಹಳೆಯ ಕಾಲದ ಗೌರವದಂಥದ್ದು ಆಗಲೇ ಬಂದು ಕೂತಿತ್ತು, ಅದನ್ನು ಹಾಗೇ ಇರಗೊಡಬಹುದಿತ್ತು. ಟೀಚರಮ್ಮ ಫೋನನ್ನು ಕಿವಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅವರಿಗೂ ಕೇಳಿಸಲಿ ಎಂದು ಅವನು ದನಿ ಸ್ವಲ್ಪ ಏರಿಸಿದ.

"ಕಂಡಿತ್ತು. ಕಂಡ ಮೇಲೇ ಬಫ್ ಕೊಟ್ಟೆ."

ಫೋನಿನ ಆ ಕಡೆಯಿಂದ ವಯಸ್ಸಾದ ಹೆಣ್ಣುದನಿ ಹಲೋ, ಹಲೋ, ಯಾರು ಎಂದು ಕೇಳುತ್ತಿತ್ತು. ಟೀಚರಮ್ಮ ಫೋನನ್ನು ಕಿವಿಯಿಂದ ಇಳಿಸಿ ಅವನನ್ನೇ ನೋಡುತ್ತಾ ನಿಂತಿದ್ದರು. ಅವನು ತಲೆ ತಗ್ಗಿಸಿದ. ಬಿಳಿಯ ನಡುವೆ ಆ ಕೆಂಪು ಸುತ್ತು ಮಾತ್ರ ಅವನಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಅದರೊಳಗೆ ಏನೂ ಕಾಣುತ್ತಿರಲಿಲ್ಲ, ಆದರೆ ಇತ್ತು. ಮೊದಲನೆಯ ಕಪ್ಪು ಚಕ್ರವನ್ನು ಹತ್ತಿರಕ್ಕೆ ಎಳೆದುಕೊಂಡು, ಸೀಮೆಸುಣ್ಣದ ತುಂಡು ಹುಡುಕಿ, ಅದರ ಒಳಬದಿಗೆ ಒಂದು ಎಂದು ದೊಡ್ಡದಾಗಿ ಬರೆದು, ಎಣ್ಣೆಯ ಬಟ್ಟೆಗೆ ಕೈ ಚಾಚಿದ.